ಅತ್ತೆಯ ಆನೆ, ಕಾಕುವಿನ ದೋಣಿ

ದುರ್ಗಾಪೂಜೆ, ಇಲ್ಲಿ ಕೋಲ್ಕತ್ತಾದವರ ಬಾಯಲ್ಲಿ ಪೂಜೋ, ಹತ್ತಿರ ಬಂತೆಂದು ಮೊನ್ನೆ ಭಾನುವಾರ ಮನೆ ಚೊಕ್ಕ ಮಾಡುವ ಹುರುಪು ಹತ್ತಿತು. ಸೋಫಾದ ಕೆಳಗೆ ಪೊರಕೆಯ ಹಿಡಿ ತೂರಿಸಿ ಎಳೆದೆ. ಒಂದು ಹೇರ್‌ಪಿನ್ನು, ಎರಡು ಪೆನ್ಸಿಲ್ ತುಂಡು, ಯಾವ ಕಾಲದ್ದೋ ಒಂದು ಗೋಡಂಬಿ, ಅದರ ಬೆನ್ನಿಗೇ ಚದುರಂಗದ ಒಂದು ಕಪ್ಪು ಕಾಯಿ ಉರುಳಿ ಬಂತು. ಮಣೆಯ ಮೂಲೆಯಲ್ಲಿ ನಿಲ್ಲುತ್ತದಲ್ಲ, ತಲೆಯ ಮೇಲೆ ಕೋಟೆಗೋಡೆಯ ಹಾಗೆ ಹಲ್ಲು ಹಲ್ಲಾಗಿರುತ್ತದಲ್ಲ, ಅದು. ಕಳೆದ ತಿಂಗಳಿಂದ ಕಾಣೆಯಾಗಿತ್ತು. ಆನೆ ಸಿಕ್ಕಿತು ಎಂದು ನಾನು ಕೂಗಿದೆ. ಹತ್ತು ವರ್ಷದ ಮಗಳು ಅನಘಾ ಫೋನಿನಿಂದ ತಲೆ ಎತ್ತದೆಯೇ, ಅದು ಆನೆಯಲ್ಲ, ರೂಕ್ ಎಂದು ತಿದ್ದಿದಳು. ಸಕ್ಕರೆ ಕೇಳುವ ನೆಪದಲ್ಲಿ ಸುದ್ದಿ ಕೇಳಲು ಬಂದಿದ್ದ ಎದುರು ಮನೆಯ ಕಾಕಿಮಾ, ಅರೆ ನಮ್ಮ ನೌಕಾ ಇಲ್ಲಿತ್ತೇ ಎಂದರು. ಬೆರಳುದ್ದದ ಮರದ ತುಂಡು ಒಂದೇ ನಿಮಿಷದಲ್ಲಿ ಆನೆಯೂ ಆಯಿತು, ರೂಕೂ ಆಯಿತು, ದೋಣಿಯೂ ಆಯಿತು. ಇದೇ ಕಾಯಿಯ ಹೆಸರಿಗಾಗಿ ನಮ್ಮ ಕಸ್ಬಾ ಬಡಾವಣೆಯ ಮನೆಯ ಮೂರನೆಯ ಮಹಡಿಯಲ್ಲಿ ನಡೆದ ಜಗಳ ನೆನಪಾಗಿ ಪೊರಕೆ ಅಲ್ಲೇ ಬಿಟ್ಟು ಕೂತುಬಿಟ್ಟೆ. ಮನೆ ಇನ್ನೂ ಚೊಕ್ಕವಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಚದುರಂಗ ಬರುವುದಿಲ್ಲ. ಬರುವುದಿಲ್ಲ ಅಂದರೆ ಕಾಯಿಗಳ ನಡೆ ಗೊತ್ತು, ಅವುಗಳ ಮನಸ್ಸು ಗೊತ್ತಿಲ್ಲ. ಗೊತ್ತಿಲ್ಲದವರೇ ಪರಿಚಯ ಮಾಡಿಕೊಡುವುದು ನಮ್ಮಲ್ಲಿ ರೂಢಿ ತಾನೆ, ಹಾಗಾಗಿ ಕೇಳಿ. ಅರವತ್ತನಾಲ್ಕು ಮನೆಯ ಒಂದು ಊರು. ಅಲ್ಲಿ ರಾಜ ಎನ್ನುವವನಿಗಾಗಿ ಎಲ್ಲರೂ ಸಾಯುತ್ತಾರೆ, ಅವನೋ ಮಂಡಿನೋವಿನವರ ಹಾಗೆ ಒಂದೊಂದೇ ಮನೆ ಸರಿಯುತ್ತಾನೆ. ಮಂತ್ರಿ ಮದುವೆಮನೆಯಲ್ಲಿ ಹುಡುಗಿಯ ಚಿಕ್ಕಪ್ಪನಂತೆ ಎಲ್ಲ ದಿಕ್ಕಿಗೂ ಓಡಾಡುತ್ತಾನೆ. ಆನೆ ನೇರ, ಒಂಟೆ ಓರೆ. ಕುದುರೆ ಎರಡು ಹೆಜ್ಜೆ ನೆಟ್ಟಗೆ ಹೋಗಿ, ಏನೋ ಮರೆತು ಬಂದವರ ಹಾಗೆ ಪಕ್ಕಕ್ಕೆ ತಿರುಗುತ್ತದೆ. ಕಾಲಾಳಿಗೆ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಆದರೆ ಬದುಕಿ ಆಚೆಯ ಕೊನೆ ಮುಟ್ಟಿದರೆ ಅವನೇ ಮಂತ್ರಿ. ಸಾಲ್ಟ್ ಲೇಕಿನ ನಮ್ಮ ಆಫೀಸಿನಲ್ಲಿ ಯಾರಿಗೂ ಹಾಗಾದದ್ದನ್ನು ನಾನು ಈತನಕ ಕಂಡಿಲ್ಲ.

ಇಷ್ಟನ್ನು ನನಗೆ ಕಲಿಸಿದ್ದು ಮೈಸೂರಿನಲ್ಲಿದ್ದ ನನ್ನ ಸೋದರಮಾವ. ಕಲಿಸಿದ ಮರುಕ್ಷಣದಿಂದ ಸೋಲಿಸಲು ಶುರುಮಾಡಿದ. ಸೋಲಿಸುವುದಲ್ಲದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹನ್ನೊಂದನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ನಾನು ಮಣೆಯನ್ನೇ ಎತ್ತಿ ಹಿತ್ತಿಲಿಗೆ ಎಸೆದೆ. ಬಿಳಿ ಮಂತ್ರಿ ನೀರಿನ ತೊಟ್ಟಿಗೆ ಬಿದ್ದು ಮೋರಿ ಸೇರಿದ, ಆಮೇಲೆ ನಮ್ಮ ರಾಜ್ಯವನ್ನು ಒಂದು ಬಳಪದ ತುಂಡು ಆಳಿತು. ನಾನು ಚೌಕಾಬಾರಕ್ಕೆ ಹೋದೆ. ಚೌಕಾಬಾರದಲ್ಲಿ ಸೋತರೆ ಕವಡೆಯನ್ನು ಬೈಯಬಹುದು. ಇಸ್ಪೀಟಿನಲ್ಲಿ ಎಲೆಯನ್ನು ಬೈಯಬಹುದು. ಚದುರಂಗದಲ್ಲಿ ಇಬ್ಬರಿಗೂ ಹದಿನಾರೇ ಕಾಯಿ, ಎಲ್ಲವೂ ಕಣ್ಣೆದುರಿಗೇ, ಬಚ್ಚಿಟ್ಟದ್ದು ಏನೂ ಇಲ್ಲ. ಸೋತರೆ ಬೈಯಲು ಸಿಗುವವಳು ನೀನೊಬ್ಬಳೇ. ಈ ಆಟದ ಹುಚ್ಚು ಹತ್ತಿದವರಿಗೆಲ್ಲ ಇಷ್ಟವಾಗುವುದು ಇದೇ ಅಂತೆ. ನನಗೆ ಇಷ್ಟವಾಗದಿದ್ದದ್ದೂ ಇದೇ.

ಇನ್ನು ಅತ್ತೆಯ ವಿಷಯ. ನಮ್ಮವರು ಬ್ಯಾಂಕಿನವರು, ಪುತ್ತೂರಿನ ಕಡೆಯವರು. ವರ್ಗವಾಗಿ ಕೋಲ್ಕತ್ತಾಕ್ಕೆ ಬಂದು ಆರು ವರ್ಷವಾಯಿತು. ಮಾವ ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದವರು, ತೀರಿಕೊಂಡು ಮೂರು ವರ್ಷ. ಅತ್ತೆ ಅಲ್ಲೇ ದೊಡ್ಡ ಮಗನ ಸಂಸಾರದ ಜೊತೆ ಇದ್ದರು. ಕಣ್ಣಿನ ಪೊರೆ ತೆಗೆಸಲು ಇವರು ಹಟ ಹಿಡಿದು ಇಲ್ಲಿಗೆ ಕರೆಸಿಕೊಂಡರು. ಬರುವ ಟಿಕೆಟಿನ ಜೊತೆಯಲ್ಲೇ ಹೋಗುವ ಟಿಕೆಟೂ ಆಗಬೇಕೆಂಬ ಕರಾರಿನ ಮೇಲೆ ಅವರು ಬಂದರು. ಮೂರು ತಿಂಗಳು, ಅದರ ಮೇಲೆ ಒಂದು ದಿನವೂ ಇಲ್ಲ.

ಎಪ್ಪತ್ತೊಂದರ ಅತ್ತೆಗೆ ಇಲ್ಲಿ ಯಾವುದೂ ಒಗ್ಗಲಿಲ್ಲ. ಸಾಸಿವೆ ಎಣ್ಣೆಯ ವಾಸನೆ ಕಿಟಕಿ ಹಾಕಿದರೂ ಬರುತ್ತಿತ್ತು. ತೆಂಗಿನಕಾಯಿ ತುರಿದರೆ ಹಾಲೇ ಇಲ್ಲ. ಕಣ್ಣು ಸರಿಹೋದ ಮೇಲಂತೂ ಇನ್ನಷ್ಟು ಕಷ್ಟವಾಯಿತು, ನಮ್ಮ ಅಡುಗೆಮನೆಯ ಮೂಲೆಗಳೆಲ್ಲ ಸ್ಪಷ್ಟವಾಗಿ ಕಾಣತೊಡಗಿದವು. ಹಗಲೆಲ್ಲ ನಾವು ಮೂವರೂ ಹೊರಗೆ. ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನ ಮೀನಿನಂಗಡಿಯ ಬೆಕ್ಕನ್ನು ನೋಡುತ್ತಿದ್ದರು. ಸಂಜೆ ನಾನು ಬಂದಾಗ ಅದು ಇವತ್ತು ಏನೇನು ತಿಂದಿತೆಂದು ವರದಿ ಒಪ್ಪಿಸುತ್ತಿದ್ದರು.

ಎದುರು ಮನೆಯ ಕಾಕಿಮಾರ ಗಂಡ ಘೋಷಾಲ್ ಕಾಕು, ಅಂದರೆ ಚಿಕ್ಕಪ್ಪ, ಗಾರ್ಡನ್ ರೀಚಿನಲ್ಲಿ ಮೂವತ್ತೈದು ವರ್ಷ ಹಡಗು ಕಟ್ಟಿ ನಿವೃತ್ತರಾದವರು. ಬೇರೆಯವರು ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಓಡಾಡುವ ಹಾಗೆ ಅವರು ಚದುರಂಗದ ಮಣೆ ಇಟ್ಟುಕೊಂಡು ಓಡಾಡುತ್ತಿದ್ದರು. ದಿನಾ ಆಡುತ್ತಿದ್ದ ಗೆಳೆಯ ಮಗಳ ಮನೆಗೆಂದು ಪುಣೆಗೆ ಹೋದಮೇಲೆ ಅವರಿಗೆ ಜೊತೆ ಇರಲಿಲ್ಲ. ಒಮ್ಮೆ ನನ್ನನ್ನು ಕೂರಿಸಿಕೊಂಡರು. ಟೀ ಆರುವುದರೊಳಗೆ ಮುಗಿಯಿತು. ಆಟದ ಬಗ್ಗೆ ಏನೂ ಹೇಳದೆ, ಟೀ ಚೆನ್ನಾಗಿತ್ತು ಬೌಮಾ ಎಂದು ಎದ್ದರು. ಬೌಮಾ ಎಂದರೆ ಸೊಸೆ, ನಾನು ಇಡೀ ಮಹಡಿಗೆ ಸೊಸೆ. ನಮ್ಮವರನ್ನು ಕರೆದರೆ ಅವರು ಮೀಟಿಂಗ್ ಇದೆ ಎಂದರು, ಅದೂ ಭಾನುವಾರ. ಅನಘಾ ಫೋನಿನಲ್ಲಿ ಮೂರು ನಿಮಿಷದ ಆಟ ಆಡುವವಳು, ಕಾಕು ಅವಳಿಗೆ ದಾದು, ಅಂದರೆ ತಾತ. ದಾದು ಒಂದು ಕಾಯಿ ಎತ್ತುವುದರೊಳಗೆ ನನ್ನ ಹೋಮ್‌ವರ್ಕ್ ಮುಗಿಯುತ್ತದೆ ಎಂದು ದೂರಿದಳು.

ಒಂದು ಮಧ್ಯಾಹ್ನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಾಲ್ಕು ಗಂಟೆಗೆ ಕಾಕು ನಮ್ಮ ಹೆಸರಿಗೆ ಬಂದಿದ್ದ ಕೊರಿಯರ್ ಕೊಡಲು ಬಂದರು, ಕಂಕುಳಲ್ಲಿ ಮಣೆ ಇತ್ತು. ಬಾಗಿಲು ತೆರೆದ ಅತ್ತೆಯ ಕಣ್ಣು ಕೊರಿಯರಿನ ಮೇಲೆ ಬೀಳಲಿಲ್ಲ, ಮಣೆಯ ಮೇಲೆ ಬಿತ್ತು. ದೀದಿ ಆಡುತ್ತೀರಾ ಎಂದು ಕಾಕು ಹಿಂದಿಯಲ್ಲಿ ಕೇಳಿದರು. ಅತ್ತೆ ಮದುವೆಗೆ ಮುಂಚೆ ಹಿಂದಿ ಪರೀಕ್ಷೆಗಳನ್ನು ಒಂದರ ಮೇಲೊಂದು ಪಾಸು ಮಾಡಿದವರು. ಕಾಕುವಿನ ಹಿಂದಿಯಲ್ಲಿ ಗಂಡೂ ಹೆಣ್ಣೂ ಎಲ್ಲವೂ ಗಂಡೇ. ಅತ್ತೆ ಅದಕ್ಕೆ ಮೊದಲು ಮನಸ್ಸಿನಲ್ಲೇ ಸೊನ್ನೆ ಅಂಕ ಕೊಟ್ಟು, ಆಮೇಲೆ ಸ್ವಲ್ಪ ಬರುತ್ತದೆ ಎಂದು ಉತ್ತರ ಕೊಟ್ಟರು.

ಕಾಕು ಕಲಿಸಲು ಕೂತರು. ಒಂದೊಂದೇ ಕಾಯಿ ಎತ್ತಿ ಹೆಸರು ಹೇಳತೊಡಗಿದರು. ಒಂಟೆಯನ್ನು ಎತ್ತಿ 'ಗೊಜ್' ಎಂದರು. ಅತ್ತೆ ನನ್ನತ್ತ ತಿರುಗಿ ಯಾವ ಗೊಜ್ಜು ಎಂದು ಕೇಳಿದರು. ನಾನು ಮೀಟಿಂಗಿನ ಮೈಕು ಮುಚ್ಚಿ, ಗೊಜ್ಜಲ್ಲ ಅತ್ತೆ, ಗಜ, ಬಂಗಾಳಿಗಳ ಬಾಯಲ್ಲಿ ಅದು ಗೊಜ್ ಆಗುತ್ತದೆ ಎಂದೆ. ಅಲ್ಲಿಗೆ ಇನ್ನೂ ದೊಡ್ಡ ತೊಡಕು ಬಂತು. ಗಜ ಎಂದರೆ ಆನೆ, ಆನೆ ಮೂಲೆಯಲ್ಲಿರಬೇಕಾದದ್ದು. ಇವರು ಒಂಟೆಗೆ ಆನೆ ಎನ್ನುತ್ತಿದ್ದಾರೆ, ನಿಜವಾದ ಆನೆಗೆ ನೌಕಾ ಎನ್ನುತ್ತಿದ್ದಾರೆ.

"ಆನೆ ಎಲ್ಲಿಯಾದ್ರೂ ಓರೆ ನಡೆಯುವುದುಂಟಾ ಮಾರಾಯ್ತಿ?" ಎಂದರು ಅತ್ತೆ. "ಕೇಳು ಬಾಬುಗಳಲ್ಲಿ."

ಬಾಬುಗಳು ಎಂದರೆ ಕಾಕು. ಕೇಳಿದೆ. ಕಾಕು ಆನೆಯ ವಿಷಯಕ್ಕೆ ಹೋಗಲಿಲ್ಲ, ದೋಣಿಯ ವಿಷಯಕ್ಕೆ ಬಂದರು. ದೋಣಿ ನೇರ ಹೋಗುತ್ತದೆ, ಅದು ನೇರ ಹೋಗಲೆಂದೇ ತಾನು ಮೂವತ್ತೈದು ವರ್ಷ ಸವೆಸಿದ್ದು ಎಂದರು. ಅತ್ತೆ ಬಿಡಲಿಲ್ಲ. ಮಳೆಗಾಲದಲ್ಲಿ ನೇತ್ರಾವತಿ ದಾಟುವ ದೋಣಿಯಲ್ಲಿ ಕೂತು ತಾವು ತವರಿಗೆ ಹೋಗುತ್ತಿದ್ದದ್ದು, ಸೆಳವಿಗೆ ಎದುರಾಗಿ ಅಂಬಿಗ ದೋಣಿಯನ್ನು ಓರೆಯಾಗಿಯೇ ನಡೆಸುತ್ತಿದ್ದದ್ದು, ನೇರ ಹೋದವನು ಸಮುದ್ರ ಸೇರುತ್ತಿದ್ದದ್ದು, ಎಲ್ಲವನ್ನೂ ಪಠ್ಯಪುಸ್ತಕದ ಹಿಂದಿಯಲ್ಲಿ ವಿವರಿಸಿದರು. ನನ್ನ ಮೀಟಿಂಗಿನಲ್ಲಿ ನನ್ನ ಹೆಸರನ್ನು ಯಾರೋ ಮೂರನೇ ಸಲ ಕೂಗುತ್ತಿದ್ದರು. ಕೊನೆಗೆ ಅವರವರ ಕಾಯಿಯನ್ನು ಅವರವರು ಬೇಕಾದ ಹೆಸರಿನಲ್ಲಿ ಕರೆಯುವುದೆಂದು ತೀರ್ಮಾನವಾಯಿತು. ಅತ್ತೆಗೆ ಗೊತ್ತಿದ್ದ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಹೆಜ್ಜೆ ಇಡಬೇಕಿತ್ತು. ಮಣೆ ಬಾಬುಗಳದ್ದು, ನಿಯಮವೂ ಅವರದ್ದೇ ಇರಲಿ ಎಂದು ಅದನ್ನು ಬಿಟ್ಟುಕೊಟ್ಟರು.

ನಾನು ಮೀಟಿಂಗ್ ಮುಗಿಸಿ ಬಂದಾಗ ಕಾಕು ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಮಣೆಯನ್ನೇ ನೋಡುತ್ತಿದ್ದರು. ಅವರ ರಾಜ ಮೂಲೆಯಲ್ಲಿ ತನ್ನದೇ ಕಾಲಾಳುಗಳ ಮಧ್ಯೆ ಸಿಕ್ಕಿಕೊಂಡಿದ್ದ. ಅತ್ತೆ ಅವಲಕ್ಕಿ ಕಲಸಲು ಒಳಗೆ ಹೋಗಿದ್ದರು. ಸ್ವಲ್ಪ ಬರುತ್ತದೆ ಅಂದಿರಲ್ಲ ಎಂದು ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ. ಆಗ ಅವರ ಕಥೆ ಹೊರಗೆ ಬಂತು. ಅತ್ತೆಗೆ ಹನ್ನೆರಡು ವರ್ಷವಾಗಿದ್ದಾಗ ಅಣ್ಣ ಹಲಸಿನ ಮರದಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದ. ಆಡಲು ಯಾರೂ ಇಲ್ಲದೆ ತಂಗಿಗೆ ಕಲಿಸಿದ. ಕಾಲು ಸರಿಹೋದ ದಿನ ಎದ್ದು ಫುಟ್‌ಬಾಲಿಗೆ ಓಡಿದ. ಆಟ ಇವರ ಹತ್ತಿರ ಉಳಿಯಿತು.

ಕಾಕು ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ ಬಂದರು. ದಿನಾ ಸೋತರು. ಅತ್ತೆ ಬೆಕ್ಕಿನ ವರದಿ ನಿಲ್ಲಿಸಿದರು. ಮೂರೂವರೆಗೇ ಮುಖ ತೊಳೆದು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂರುತ್ತಿದ್ದರು. ಕಾಯಿ ನಡೆಸುವಾಗ ಅವರ ಬೆರಳಿಗೆ ಗಡಿಬಿಡಿ ಇರಲಿಲ್ಲ, ಮುಖದಲ್ಲಿ ನಾನು ಆವರೆಗೆ ನೋಡದಿದ್ದ ಒಂದು ತುಂಟತನ ಇತ್ತು. ಐದನೆಯ ಸಂಜೆ ಕಾಕು ಕಾಯಿ ಎತ್ತಿಟ್ಟುಕೊಂಡು ಹೊರಟರು. ದಿನಾ ಬಾಗಿಲಲ್ಲಿ ನಿಂತು ನಾಳೆ ಬರುತ್ತೇನೆ ಎನ್ನುತ್ತಿದ್ದವರು ಅಂದು ಹೇಳಲಿಲ್ಲ. ಹೋಗುವಾಗ ಬಾಬುಗಳು ಎಂತ ಹೇಳಿದರು ಎಂದು ಅತ್ತೆ ಕೇಳಿದರು. ಏನೂ ಹೇಳಲಿಲ್ಲ ಎಂದೆ. ಅವರು ತುಸು ಹೊತ್ತು ಖಾಲಿ ಟೀಪಾಯಿಯನ್ನು ಒರೆಸುತ್ತಾ ನಿಂತರು. ಅದರ ಮೇಲೆ ಧೂಳೇನೂ ಇರಲಿಲ್ಲ.

ಕಾಕು ಮಾರನೆಯ ದಿನ ಬಂದರು, ಮತ್ತು ಗೆದ್ದರು. ಸಂತೋಷಕ್ಕೆ ಸಂದೇಶ್ ಮಿಠಾಯಿ ತಂದು ಹಂಚಿದರು. ಅದರ ಮರುದಿನವೂ ಗೆದ್ದರು. ನನಗೆ ಏನೂ ಗೊತ್ತಾಗಲಿಲ್ಲ, ಹೇಳಿದೆನಲ್ಲ. ಶಾಲೆಯಿಂದ ಬಂದು ಪಕ್ಕದಲ್ಲಿ ಕೂತಿದ್ದ ಅನಘಾ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, ಅಜ್ಜಿ ಕ್ವೀನನ್ನು ಫ್ರೀಯಾಗಿ ಕೊಟ್ಟುಬಿಟ್ಟರು, ಜಾನ್‌ಬೂಝ್‌ಕೇ, ಎಂದಳು. ಬೇಕೆಂತಲೇ ಎನ್ನುವ ಕನ್ನಡ ಅವಳಿಗೆ ಹೊಳೆಯಲಿಲ್ಲ.

ಹತ್ತು ವರ್ಷದವಳಿಗೆ ಕಂಡದ್ದು ಕಾಕುವಿಗೆ ಕಾಣದೆ ಇರುತ್ತದೆಯೇ? ಮೂರನೆಯ ದಿನ ಅತ್ತೆ ತಮ್ಮ ಒಂಟೆಯನ್ನು ನೇರ ಅವರ ಕುದುರೆಯ ಬಾಯಿಗೆ ತಂದಿಟ್ಟರು. ಕಾಕು ಒಂಟೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಆಟ ಮುಗಿಯದಿದ್ದರೂ ಒಂದೊಂದೇ ಕಾಯಿಯನ್ನು ಎತ್ತಿ ಡಬ್ಬಿಗೆ ಹಾಕತೊಡಗಿದರು. ಮಣೆ ಮಡಿಸಿ ಎದ್ದು, ಬಾಗಿಲ ಹತ್ತಿರ ನಿಂತಿದ್ದ ನನಗೆ ಹೇಳಿದರು:

"ಬೌಮಾ, ನಿನ್ನ ಅತ್ತೆಯವರಿಗೆ ಹೇಳು. ನಾನು ಮುದುಕ ಆಗಿದ್ದೇನೆ. ಮಗು ಆಗಿಲ್ಲ."

ಎಂಟು ದಿನ ಅವರು ಬರಲಿಲ್ಲ. ಎರಡು ಮನೆಯ ಬಾಗಿಲ ನಡುವೆ ನಾಲ್ಕು ಹೆಜ್ಜೆ ದೂರ. ಆ ನಾಲ್ಕು ಹೆಜ್ಜೆ ಹೂಗ್ಲಿ ನದಿಗಿಂತ ಅಗಲವಾಯಿತು. ಅತ್ತೆ ಮನೆಯ ಪರದೆಗಳನ್ನೆಲ್ಲ ಕಳಚಿ ಒಗೆದರು. ಒಣಗಿದ ಮೇಲೆ ಸರಿಯಾಗಿಲ್ಲವೆಂದು ಮತ್ತೆ ಒಗೆದರು. ಕಾಕಿಮಾ ಬಂದು ನನ್ನ ಕೈ ಹಿಡಿದುಕೊಂಡರು. ಈ ಮನುಷ್ಯ ಅಡುಗೆಮನೆಗೆ ಬಂದು ಮೀನಿನ ತುಂಡುಗಳ ಅಳತೆ ಸರಿಯಿಲ್ಲ ಎನ್ನುತ್ತಾನೆ, ನಾಲ್ಕರಿಂದ ಐದರವರೆಗೆ ನನ್ನ ಸೀರಿಯಲ್ಲು, ಆಗಲೇ ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಡುತ್ತಾನೆ, ಹೇಗಾದರೂ ಕರೆದುಕೊಂಡು ಹೋಗು ಬೌಮಾ ಎಂದರು. ಸಂಧಾನಕ್ಕೆಂದು ನಾನು ಮೈಸೂರಿನ ಅನಾನಸ್ ಗೊಜ್ಜು ಮಾಡಿ ಬಟ್ಟಲಲ್ಲಿ ಕೊಟ್ಟು ಬಂದೆ. ಖಾಲಿ ಬಟ್ಟಲು ಹಿಂದಿರುಗಿಸುವುದು ಆ ಮನೆಯ ಪದ್ಧತಿಯಲ್ಲ, ಟೊಮೆಟೊ ಚಟ್ನಿ ತುಂಬಿಕೊಂಡು ವಾಪಸು ಬಂತು. ಬಟ್ಟಲು ಬಂತು, ಜನ ಬರಲಿಲ್ಲವಲ್ಲ ಎಂದರು ಅತ್ತೆ. ನನ್ನ ರಾಜತಾಂತ್ರಿಕ ವೃತ್ತಿ ಅಲ್ಲಿಗೆ ಮುಗಿಯಿತು.

ಒಂಬತ್ತನೆಯ ದಿನ ಶನಿವಾರ. ಅತ್ತೆ ಬೆಳಿಗ್ಗೆಯಿಂದ ಒಂದು ಚೀಟಿಯಲ್ಲಿ ಏನೋ ಬರೆಯುವುದು, ಹೊಡೆದುಹಾಕುವುದು ಮಾಡುತ್ತಿದ್ದರು. ನಾಲ್ಕು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು, ನಾಲ್ಕು ಹೆಜ್ಜೆಗೂ ಚಪ್ಪಲಿ, ನನ್ನನ್ನು ಹಿಂದೆ ಬರಲು ಹೇಳಿ ಎದುರು ಮನೆಯ ಗಂಟೆ ಒತ್ತಿದರು. ಈ ಊರಿಗೆ ಬಂದ ಎರಡೂವರೆ ತಿಂಗಳಲ್ಲಿ ಅವರು ತಾವಾಗಿ ಇನ್ನೊಬ್ಬರ ಮನೆಗೆ ಹೋದದ್ದು ಅದೇ ಮೊದಲು. ಕಾಕು ಬಾಗಿಲು ತೆರೆದರು. ಅತ್ತೆ ಚೀಟಿಯಿಂದ ಒಂದು ಸಾಲು ಹಿಂದಿ ಓದಿದರು. ಎರಡನೆಯ ಸಾಲನ್ನು ಶುರುಮಾಡಿ ಬಿಟ್ಟರು. ಚೀಟಿ ಮಡಿಸಿ, ನನ್ನ ಕಡೆ ನೋಡದೆ, ಕನ್ನಡದಲ್ಲೇ ಹೇಳಿದರು.

"ನೀನು ಹೇಳು ಇವರಿಗೆ. ಮದುವೆಯಾದ ವರ್ಷ ನಿನ್ನ ಮಾವ ಒಂದು ದಿನ ಚದುರಂಗದ ಮಣೆ ತಂದ್ರು, ನಂಗೆ ಕಲಿಸ್ತೇನೆ ಅಂತ. ನಾನು ಗೆದ್ದೆ. ಅವರು ಎಂತದೂ ಹೇಳ್ಲಿಲ್ಲ. ಮಣೆ ಮಡಚಿ ಅಟ್ಟಕ್ಕೆ ಹಾಕಿದ್ರು. ನಲವತ್ತಾರು ವರ್ಷ ಅದು ಕೆಳಗೆ ಇಳೀಲಿಲ್ಲ. ಒಳ್ಳೆಯವರೇ, ಒಂದು ದಿನ ಗಟ್ಟಿ ಮಾತಾಡಿದವರಲ್ಲ. ಆದ್ರೆ ಮಣೆ ಇಳೀಲಿಲ್ಲ. ಇಲ್ಲಿಯೂ ಹಾಗೆ ಆಗುವುದು ಬೇಡ ಅಂತ ಸೋತೆ. ಬೇರೆ ಎಂತ ಇಲ್ಲ."

ಮಾವನನ್ನು ನಾನು ಕಂಡಿದ್ದೆ. ನನ್ನನ್ನು ಮಗಳೆಂದೇ ಕರೆಯುತ್ತಿದ್ದವರು. ಈ ಸಂಗತಿ ಮನೆಯಲ್ಲಿ ಯಾರಿಗೂ, ಅವರ ಮಗನಿಗೂ ಗೊತ್ತಿರಲಿಲ್ಲ. ನನ್ನ ಅರೆಬರೆ ಹಿಂದಿಯಲ್ಲಿ ಅದನ್ನು ಹೇಳುವಾಗ ಕ್ರಿಯಾಪದಗಳೆಲ್ಲ ಕೈಕೊಟ್ಟವು. ಕಾಕುವಿಗೆ ಅರ್ಥವಾಯಿತು. ಅವರು ಒಳಗೆ ಹೋಗಿ ಮಣೆ ತಂದು ಊಟದ ಮೇಜಿನ ಮೇಲೆ ಬಿಡಿಸಿದರು. ತಾನು ಸೋತರೆ ಮುಖ ಊದಿಸಿಕೊಳ್ಳುವ ಮನುಷ್ಯ, ಅದು ಮದುವೆಯಾದ ಮರುದಿನದಿಂದ ಕಾಕಿಮಾಗೂ ಗೊತ್ತು, ದೀದಿ ಅದಕ್ಕೆ ಲಕ್ಷ್ಯ ಕೊಡಬಾರದು ಎಂದರು.

"ಕೋಪ ನನ್ನ ಕೆಲಸ, ನಾನು ಮಾಡಿಕೊಳ್ಳುತ್ತೇನೆ. ನೀವು ನಿಮ್ಮ ಕೆಲಸ ಮಾಡಿ."

ಅತ್ತೆ ತಮ್ಮ ಕೆಲಸ ಮಾಡಿದರು. ಮುಕ್ಕಾಲು ಗಂಟೆಯಲ್ಲಿ ಕಾಕುವಿನ ರಾಜ ಬಿದ್ದ. ಮಾತಿಗೆ ತಪ್ಪದೆ ಅವರಿಗೆ ಕೋಪವೂ ಬಂತು. ಸಿಟ್ಟಿನಲ್ಲಿ ಎದ್ದು ಹೊರಡಲು ನೋಡಿದರೆ ಮನೆ ಅವರದ್ದೇ. ಎಲ್ಲಿಗೆಂದು ಹೋಗುವುದು? ಕೊನೆಗೆ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಕಿಮಾ ಸೀರಿಯಲ್ಲಿನಿಂದ ಕಣ್ಣು ತೆಗೆಯದೆ, ಊಟದ ಹೊತ್ತಿಗೆ ಬರುತ್ತಾನೆ, ನೀವು ಟೀ ಕುಡಿಯಿರಿ ಎಂದರು.

ಮರುದಿನ ನಾಲ್ಕು ಗಂಟೆಗೆ ನಾವೆಲ್ಲ ಮನೆಯಲ್ಲೇ ಇದ್ದೆವು. ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಬೀನ್ಸ್ ಸೋಸುತ್ತಿದ್ದರು. ನಾಲ್ಕೂ ಐದಾಯಿತು. ನಾಲ್ಕೂ ಹತ್ತಾಯಿತು. ಇವರು ಅದೇ ಪೇಪರಿನ ಅದೇ ಪುಟ ನೋಡುತ್ತಿದ್ದರು. ಹಿಂದಿನ ರಾತ್ರಿ ನಾನು ಇವರಿಗೆ ಎಲ್ಲ ಹೇಳಿದ್ದೆ, ಆಗಿನಿಂದ ಅಮ್ಮನನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದರು. ಬಾಗಿಲ ಗಂಟೆ ಬಡಿಯಿತು. ಕಾಕು ಒಳಗೆ ಬಂದವರೇ ನಮಸ್ಕಾರವನ್ನೂ ಮಾಡದೆ ಮಣೆ ಹರಡಿ, ನಿನ್ನೆಯ ಆಟದ ಒಂದು ಘಟ್ಟವನ್ನು ನೆನಪಿನಿಂದಲೇ ಜೋಡಿಸಿದರು. ಇಲ್ಲಿ ಕುದುರೆ ಇಟ್ಟಿದ್ದರೆ ತಾನೇ ಗೆಲ್ಲುತ್ತಿದ್ದೆ ಎಂದು ತೋರಿಸಿದರು. ಅತ್ತೆ ಬೀನ್ಸಿನ ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಒಂದು ಕಾಲಾಳನ್ನು ಒಂದೇ ಒಂದು ಮನೆ ಮುಂದಕ್ಕೆ ಸರಿಸಿದರು. ಆಗಲೂ ಕಾಕು ಗೆಲ್ಲುತ್ತಿರಲಿಲ್ಲ ಎಂದು ನನಗೂ ತಿಳಿಯಿತು. ಕಾಕುವಿಗೆ ಮತ್ತೆ ಕೋಪ ಬಂತು. ಎದ್ದು ಮಾತ್ರ ಹೋಗಲಿಲ್ಲ.

ಹೀಗೆ ದಿನಗಳು ಓಡಿ, ಅತ್ತೆ ಊರಿಗೆ ಹೊರಡಲು ಎರಡು ದಿನ ಉಳಿಯಿತು. ಸೂಟ್‌ಕೇಸು ಹಾಲಿಗೆ ಬಂತು. ಆ ಸಂಜೆ ನಾನು ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದಾಗಲೇ ಮಹಡಿ ಮಹಡಿಯಲ್ಲೂ ಬಾಗಿಲುಗಳು ತೆರೆದಿದ್ದವು. ಕಾಕು ಕೈಯಲ್ಲಿ ರಸಗುಲ್ಲದ ಮಡಕೆ ಹಿಡಿದು ಎಲ್ಲರ ಮನೆಗೂ ಹೋಗುತ್ತಿದ್ದರು. ಗೆದ್ದಿದ್ದರು. ಅನಘಾಳನ್ನು ಪಕ್ಕಕ್ಕೆ ಕರೆದು, ಅಜ್ಜಿ ಈ ಸಲವೂ ಬೇಕೆಂತಲೇ ಸೋತರಾ ಎಂದು ಕೇಳಿದೆ. ಅವಳು ತಲೆ ಅಲ್ಲಾಡಿಸಿ, ಇಲ್ಲ ಅಮ್ಮಾ, ಸಚ್ಚಿ, ದಾದು ನಿಜವಾಗಿ ಆಡಿದರು ಎಂದಳು.

ಒಳಗೆ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. ರಸಗುಲ್ಲ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಬೇಕೆಂತಲೇ ಸೋಲುವುದು ಅವರಿಗೆ ಗೊತ್ತಿತ್ತು, ಸುಮ್ಮನೆ ಸೋಲುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಮಾರನೆಯ ದಿನ ನಾಲ್ಕಕ್ಕೆ ಕಾಲು ಗಂಟೆ ಇರುವಾಗಲೇ ಎದುರು ಮನೆಯಿಂದ ಮಣೆಯನ್ನು ತಾವೇ ತಂದು, ಕಾಯಿಗಳನ್ನು ಜೋಡಿಸಿ, ಮೊಣಕೈ ಊರಿ ಕೂತಿದ್ದರು. ಇವರು ಮೆಲ್ಲಗೆ ಹತ್ತಿರ ಹೋಗಿ, ನಾಳೆ ಬೆಳಿಗ್ಗೆ ಗಾಡಿಗೆ ಎಷ್ಟು ಹೊತ್ತಿಗೆ ಹೊರಡೋಣ ಅಮ್ಮಾ ಎಂದು ಕೇಳಿದರು.

ಅತ್ತೆ ಮಣೆಯಿಂದ ತಲೆ ಎತ್ತಲಿಲ್ಲ.

"ಸೋತು ಊರಿಗೆ ಹೋಗುವುದುಂಟಾ?" ಎಂದರು.